ಗೀರು ತೆಗೆಯುವ ಮೊದಲು ಪೇಂಟ್ ಎಷ್ಟಿದೆ ನೋಡಿ

ಪ್ರಶ್ನೆ: ಹನ್ನೆರಡು ವರ್ಷ ಹಳೆಯ, ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಂಡಿದ್ದೇನೆ. ಕಪ್ಪು ಬಣ್ಣ. ನಾನು ಮೂರನೇ ಓನರ್. ನೋಡಲು ಹೋದಾಗ ಶೆಡ್ಡಿನೊಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮನೆಗೆ ತಂದು ಎರಡು ಮೂರು ಸಲ ತೊಳೆದ ಮೇಲೆ ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬಾ ಜೇಡರ ಬಲೆಯಂಥ ಗೀರುಗಳು. ಡೋರ್ ಮೇಲೆ ಒಂದು ಉದ್ದ ಗೀರು ಬೇರೆ. ಕಾರು ತೊಳೆದು ಪಾಲಿಶ್ ಮಾಡಿಕೊಡುವ ಒಬ್ಬ ಡೀಟೇಲರ್ 'ಒಂದೇ ದಿನದಲ್ಲಿ ಎಲ್ಲಾ ತೆಗೆದು ಹೊಸದರ ಹಾಗೆ ಮಾಡಿಕೊಡ್ತೀನಿ' ಅನ್ನುತ್ತಾರೆ. ಗೆಳೆಯ 'ಪಾಲಿಶ್ ಮೆಷಿನ್ ತಂದು ನೀನೇ ಮಾಡು' ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಆ ಕಾರಿನ ಮೇಲೆ ಪೇಂಟ್ ಎಷ್ಟು ಉಳಿದಿದೆ ಅಂತ ಮೊದಲು ತಿಳಿದುಕೊಳ್ಳಿ.

ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಫ್ಯಾಕ್ಟರಿಯಿಂದ ಬರುವಾಗ ಇದೆಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40, 50 ಅಷ್ಟೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ನಮ್ಮ ತಲೆಕೂದಲಿನ ಒಂದು ಎಳೆಯೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ನೀವು ಮೆಷಿನ್ ಇಡಬೇಕು ಅಂತಿರುವುದು ಒಂದು ಕೂದಲಿಗಿಂತ ತೆಳುವಾದ ಪದರದ ಮೇಲೆ.

ಆ ಜೇಡರ ಬಲೆ ಇರುವುದೂ ಅದೇ ಪದರದಲ್ಲಿ. ಪಾಲಿಶ್ ಮಾಡಿದಾಗ ಗೀರು ಮುಚ್ಚಿಕೊಳ್ಳುವುದಿಲ್ಲ, ಗೀರಿನ ಸುತ್ತ ಇರುವ ಕ್ಲಿಯರ್ ಕೋಟ್ ಗೀರಿನ ತಳದವರೆಗೆ ಸವೆಯುತ್ತದೆ. ಚಾಕು ಮಸೆದ ಹಾಗೆ, ಪ್ರತಿ ಸಲ ಸ್ವಲ್ಪ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಹೊಸ ಕಾರಾಗಿದ್ದರೆ ನಾನು ಇಷ್ಟು ಹೆದರಿಸುತ್ತಿರಲಿಲ್ಲ. ನಿಮ್ಮದು ಇಬ್ಬರ ಕೈ ದಾಟಿ ಬಂದ ಕಾರು, ಅವರು ಎಷ್ಟು ಸಲ ಕಾಂಪೌಂಡ್, ಅಂದರೆ ಜಾಸ್ತಿ ಸವೆಸುವ ಒರಟು ಪಾಲಿಶ್, ಹೊಡೆಸಿದ್ದಾರೋ ಯಾರಿಗೆ ಗೊತ್ತು, ಯಾರೂ ಅದನ್ನು ಬರೆದಿಡುವುದಿಲ್ಲ, ಮತ್ತೆ ಸ್ಪೋರ್ಟ್ಸ್ ಕಾರು ಅಂದರೆ ಸಾಮಾನ್ಯ ಕಾರಿಗಿಂತ ಜಾಸ್ತಿ ಉಜ್ಜಿಸಿಕೊಂಡಿರುತ್ತದೆ.

ಶೆಡ್ಡಿನಲ್ಲಿ ಹೊಳೆದದ್ದು ಆಮೇಲೆ ಯಾಕೆ ಹೋಯಿತು ಅಂದರೆ, ಮಂದ ಬೆಳಕಲ್ಲಿ ಸಣ್ಣ ಗೀರು ಕಾಣುವುದಿಲ್ಲ, ಅದು ಒಂದು. ಇನ್ನೊಂದು, ಗ್ಲೇಜ್ ಅಂತ ಬರುತ್ತದೆ, ಎಣ್ಣೆ ಅಂಶ ಜಾಸ್ತಿ ಇರುವ ಪಾಲಿಶ್. ಅದು ಗೀರಿನೊಳಗೆ ತುಂಬಿಕೊಂಡು ಅದನ್ನು ಮರೆಮಾಡುತ್ತದೆ. ಕೆಲವು ಸಲ ಶಾಂಪೂ ಬಿದ್ದರೆ ತೊಳೆದು ಹೋಗುತ್ತದೆ. ಮಾರಿದವರು ಬೇಕಂತಲೇ ಮಾಡಿದರೋ, ಮಾಡಿಕೊಟ್ಟವನು ಅವರಿಗೂ ಹೇಳಲಿಲ್ಲವೋ, ಇಲ್ಲಿಂದ ಹೇಳಲು ಆಗುವುದಿಲ್ಲ.

ಈಗ ಅಳತೆಗೆ ಬನ್ನಿ. ಪೇಂಟ್ ದಪ್ಪ ಅಳೆಯುವ ಗೇಜ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಂದೊಂದು ಪ್ಯಾನೆಲ್ ಮೇಲೂ ಐದಾರು ಕಡೆ ಇಟ್ಟು ಓದಿ, ಕಾಗದದಲ್ಲಿ ಕಾರಿನ ಚಿತ್ರ ಗೀಚಿಕೊಂಡು ಅದರ ಮೇಲೇ ಬರೆಯಿರಿ. ಎಲ್ಲಾ ಕಡೆ 120ರ ಆಸುಪಾಸು ಇದ್ದು ಒಂದು ಡೋರ್ ಮಾತ್ರ 250 ತೋರಿಸಿದರೆ ಅದಕ್ಕೆ ಮತ್ತೆ ಪೇಂಟ್ ಆಗಿದೆ. 500, 1000 ಅಂತ ಬಂದರೆ ಕೆಳಗೆ ಪುಟ್ಟಿ ಇದೆ, ಟಿಂಕರಿಂಗ್ ಆದ ಜಾಗ. ಎಲ್ಲಾ ಕಡೆ 120 ಇದ್ದು ಬಾನೆಟ್ ನಡುವೆ 85 ಬಂದರೆ ಅಲ್ಲಿ ಯಾರೋ ಚೆನ್ನಾಗಿ ಉಜ್ಜಿದ್ದಾರೆ, ಅಲ್ಲಿ ಕಾಂಪೌಂಡ್ ಮುಟ್ಟಿಸಲೇ ಬೇಡಿ. ಒಂದು ವಿಷಯದಲ್ಲಿ ಮಾತ್ರ ತುಂಬಾ ಜನ ಎಡವುತ್ತಾರೆ. ಗೇಜ್ ಹೇಳುವುದು ಒಟ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಹಾಗಾಗಿ 250 ಇದೆಯಲ್ಲಾ ಅಂತ ಧೈರ್ಯವಾಗಿ ಉಜ್ಜಬೇಡಿ. ಹಳೆ ಪೇಂಟಿನ ಮೇಲೆ ಹೊಸ ಬಣ್ಣ ದಪ್ಪಗೆ ಹೊಡೆದು, ಕೊನೆಯ ಕ್ಲಿಯರ್ ಕೋಟನ್ನು ತೆಳ್ಳಗೆ ಮುಗಿಸಿರುವ ಕಾರುಗಳು ಬೇಕಾದಷ್ಟಿವೆ.

ಆಮೇಲೆ ತೊಳೆಯುವುದು. ಇದನ್ನು ಚಿಕ್ಕ ಕೆಲಸ ಅಂದುಕೊಳ್ಳಬೇಡಿ, ನಿಮ್ಮ ಕಾರಿನ ಮೇಲಿನ ಜೇಡರ ಬಲೆ ಬಹುಪಾಲು ತಪ್ಪಾಗಿ ತೊಳೆದು ಒರೆಸಿದ್ದರಿಂದಲೇ ಬಂದದ್ದು. ಮೊದಲು ಬರೀ ನೀರು ಬಿಟ್ಟು ಮಣ್ಣು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ತೊಳೆಯುವ ಮೆತ್ತನೆ ಕೈಗವಸನ್ನು ಪ್ರತಿ ಸಲ ಬರೀ ನೀರಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದಿ. ಮೇಲಿಂದ ಕೆಳಗೆ ಬನ್ನಿ, ಸಿಲ್ (ಡೋರಿನ ಕೆಳಗಿನ ಪಟ್ಟಿ) ಮತ್ತು ಬಂಪರಿನ ಕೆಳಭಾಗ ಕೊನೆಗೆ. ನಿಮ್ಮದು ನೆಲಕ್ಕೆ ಹತ್ತಿರ ಇರುವ ಗಾಡಿ, ಟೈರು ಅಗಲ. ಅದು ಟಾರು, ಮರಳು ಎಲ್ಲವನ್ನೂ ಎತ್ತಿ ಹಿಂದಿನ ಫೆಂಡರಿಗೆ, ಅಂದರೆ ಚಕ್ರದ ಸುತ್ತಲಿನ ಪ್ಯಾನೆಲ್‌ಗೆ, ಹೊಡೆಯುತ್ತದೆ. ಬ್ರೇಕಿನಿಂದ ಹಾರುವ ಕಬ್ಬಿಣದ ಪುಡಿಯೂ ಅಲ್ಲೇ ಕೂತು ತುಕ್ಕು ಹಿಡಿಯುತ್ತದೆ. ಇದಕ್ಕೆ ಐರನ್ ರಿಮೂವರ್ ಅಂತ ಸಿಗುತ್ತದೆ. ಸಿಂಪಡಿಸಿದರೆ ಕಬ್ಬಿಣ ಇರುವ ಕಡೆಯೆಲ್ಲಾ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ, ಗಾಳಿ ಆಡುವ ಕಡೆ ಮಾಡಿ, ಒಣಗಲು ಬಿಡದೆ ತೊಳೆಯಿರಿ. ಇನ್ನೂ ಕೈಗೆ ತರಿತರಿ ಅನಿಸಿದರೆ ಕ್ಲೇ ಬಾರ್, ಅಂದರೆ ಅಂಟಿಕೊಂಡ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ, ಉಜ್ಜಿ. ಮೇಲ್ಮೈ ಜಾರುವಷ್ಟು ಒದ್ದೆ ಇರಬೇಕು. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಎಷ್ಟೇ ಹೊಸದಾಗಿರಲಿ. ಅದಕ್ಕೆ ಹತ್ತಿದ ಒಂದು ಮರಳಿನ ಕಣ ಇಡೀ ಬಾನೆಟ್ ಗೀರುತ್ತದೆ.

ಇಷ್ಟಾದ ಮೇಲೆ ಪಾಲಿಶ್. ನೀವೇ ಮಾಡುವುದಾದರೆ ಡಿಎ ಮೆಷಿನ್ ತಗೊಳ್ಳಿ, ಅಂದರೆ ಪ್ಯಾಡ್ ತಿರುಗುವುದರ ಜೊತೆಗೆ ಅತ್ತಿತ್ತ ಓಲಾಡುವಂಥದ್ದು. ಬರೀ ಗಿರಗಿರ ತಿರುಗುವ ರೋಟರಿ ಪಳಗಿದ ಕೈಗೆ ಸರಿ. ಹೊಸಬರ ಕೈಯಲ್ಲಿ ಒಂದೇ ಕಡೆ ಬಿಸಿ ಏರಿಸುತ್ತದೆ, ಇಲ್ಲವೇ ಬಿಸಿಲಲ್ಲಿ ಕಾಣುವ ಬಾಗಿದ ಗೆರೆಗಳನ್ನು ಬಿಟ್ಟು ಹೋಗುತ್ತದೆ. ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ, ಅರ್ಧ ಮೀಟರ್ ಉದ್ದಗಲದ ಒಂದು ಚೌಕ ಆರಿಸಿಕೊಳ್ಳಿ. ಅತಿ ಮೆತ್ತನೆ ಪ್ಯಾಡ್, ಅತಿ ನುಣ್ಣನೆ ಪಾಲಿಶ್, ಇವುಗಳಿಂದ ಶುರು ಮಾಡಿ. ನಿಧಾನವಾಗಿ, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರುವ ಹಾಗೆ, ಅಡ್ಡಕ್ಕೂ ಉದ್ದಕ್ಕೂ ನಾಲ್ಕೈದು ಸುತ್ತು. ಆಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಪಾಲಿಶಿನ ಎಣ್ಣೆ ಹೋಗಿ ಗೀರು ನಿಜವಾಗಿ ಹೋಗಿದೆಯಾ ಅಥವಾ ಮರೆಯಾಗಿದೆಯಾ ಅಂತ ಆಗ ಗೊತ್ತಾಗುತ್ತದೆ. ಸಾಲದಿದ್ದರೆ ಅದೇ ಪಾಲಿಶ್, ಸ್ವಲ್ಪ ಗಟ್ಟಿ ಪ್ಯಾಡ್. ಅದೂ ಸಾಲದಿದ್ದರೆ ಮಾತ್ರ ಕಾಂಪೌಂಡ್. ಶುರುವಿಗೇ ಕಾಂಪೌಂಡ್ ಎತ್ತಿಕೊಳ್ಳುವವರ ಕೈಗೆ ಕಾರು ಕೊಡಬೇಡಿ.

ಅಂಚುಗಳ ವಿಷಯ ಬಿಡಿಸಿ ಹೇಳಲೇಬೇಕು. ಡೋರಿನ ತುದಿ, ಬಾನೆಟ್ ಮೇಲಿನ ಏಣು, ಫೆಂಡರಿನ ಮಡಿಕೆ, ಇಲ್ಲೆಲ್ಲಾ ಪೇಂಟ್ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡ ಮಾತ್ರ ಅಲ್ಲೇ ಜಾಸ್ತಿ ಬೀಳುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಏಣುಗಳಿಗೇನು ಕಡಿಮೆಯೇ. ನಾನು ಕಲಿಯುವಾಗ ಒಂದು ಕಾರಿನ ಹಿಂದಿನ ಫೆಂಡರಿನ ಏಣಿನ ಮೇಲೆ ಮೆಷಿನ್ ಮೂರ್ನಾಲ್ಕು ಸೆಕೆಂಡ್ ಜಾಸ್ತಿ ನಿಲ್ಲಿಸಿದೆ. ಕಪ್ಪು ಹೋಗಿ ಬೂದು ಪ್ರೈಮರ್ ಗೆರೆ ಕಂಡಿತು. ಆ ಪ್ಯಾನೆಲ್ ಪೂರ್ತಿ ಮತ್ತೆ ಪೇಂಟ್ ಆಯಿತು. ಅವತ್ತಿನಿಂದ ಏಣುಗಳಿಗೆಲ್ಲಾ ಟೇಪ್ ಹಚ್ಚದೆ ನಾನು ಸ್ವಿಚ್ ಒತ್ತಿಲ್ಲ. ನೀವೂ ಹಚ್ಚಿ.

ಡೋರ್ ಮೇಲಿನ ಉದ್ದ ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶಿಗೆ ಬಗ್ಗುವ ಗೀರಲ್ಲ. ಅಂಚನ್ನು ಸ್ವಲ್ಪ ಮಂಕು ಮಾಡಬಹುದು, ಟಚ್-ಅಪ್ ಪೇಂಟ್ ತುಂಬಬಹುದು, ಅಷ್ಟಕ್ಕೆ ಬಿಡಿ. ಜೇಡರ ಬಲೆಯೂ ಅಷ್ಟೇ, ಹತ್ತರಲ್ಲಿ ಎಂಟು ಗೀರು ಹೋದರೆ ಮೆಷಿನ್ ಕೆಳಗಿಡಿ. ಉಳಿದ ಎರಡನ್ನು ತೆಗೆಯಲು ಹೋದರೆ ಮೊದಲಿನ ಎಂಟಕ್ಕೆ ಸವೆದದ್ದಕ್ಕಿಂತ ಜಾಸ್ತಿ ಸವೆಯಬಹುದು, ಯಾಕೆಂದರೆ ಕೊನೆಗೆ ಉಳಿಯುವುದು ಯಾವಾಗಲೂ ಆಳದ ಗೀರುಗಳೇ. ಕ್ಲಿಯರ್ ಕೋಟ್ ತೀರಾ ತೆಳುವಾದರೆ ಬಿಸಿಲು ತಡೆಯುವುದಿಲ್ಲ. ಮೊದಲು ಮಬ್ಬಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ.

ಇನ್ನು ಆ ಡೀಟೇಲರ್ ಹತ್ತಿರ ಹೋಗುವುದಾದರೆ ಮೂರು ಮಾತು ಕೇಳಿ. ಗೇಜ್ ಇಟ್ಟು ತೋರಿಸುತ್ತೀರಾ? ಒಂದು ಚೌಕ ಮೊದಲು ಮಾಡಿ, ಆಲ್ಕೋಹಾಲ್ ಹಾಕಿ ಒರೆಸಿ ತೋರಿಸುತ್ತೀರಾ? ಯಾವ ಗೀರನ್ನು ಬಿಡುತ್ತೀರಿ? 'ಎಲ್ಲಾ ತೆಗೀತೀನಿ' ಅಂತಲೇ ಅಂದರೆ ಅಲ್ಲಿಂದ ಎದ್ದು ಬನ್ನಿ. ಒಂದೇ ದಿನ ಅನ್ನುವ ಮಾತೂ ಅನುಮಾನವೇ, ಬಲೆ ತುಂಬಿದ ಕಪ್ಪು ಕಾರನ್ನು ತೊಳೆದು, ಕ್ಲೇ ಮಾಡಿ, ಟೇಪ್ ಹಚ್ಚುವುದಕ್ಕೇ ಅರ್ಧ ದಿನ ಬೇಕು ಅಲ್ವಾ.

ಪ್ರಶ್ನೆ: ಗೇಜ್ ಇಟ್ಟರೆ ನನ್ನ ಕಾರಿನಲ್ಲಿ ಏನೂ ತೋರಿಸುವುದೇ ಇಲ್ಲ. ಕೆಟ್ಟಿದೆಯಾ?

ಉತ್ತರ: ಗೇಜ್ ಕೆಟ್ಟಿರಲಿಕ್ಕಿಲ್ಲ, ಅದರ ಕೆಳಗೆ ಲೋಹ ಇಲ್ಲದಿರಬಹುದು. ಸಾಮಾನ್ಯ ಗೇಜ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಶೆವ್ರೊಲೆ ಕಾರ್ವೆಟ್ 1953ರಲ್ಲಿ ಬಂದಾಗಲೇ ಅದರ ಬಾಡಿ ಫೈಬರ್‌ಗ್ಲಾಸ್. ಲೋಟಸ್ ಎಲೀಸ್ ಕೂಡ ಹಾಗೇ. ಎಲ್ಲಾ ಕಾರುಗಳ ಪ್ಲಾಸ್ಟಿಕ್ ಬಂಪರ್ ಮೇಲೂ ಓದುವುದಿಲ್ಲ. 1990ರ ಹೋಂಡಾ ಎನ್‌ಎಸ್‌ಎಕ್ಸ್ ತರಹ ಬಾಡಿ ಅಲ್ಯೂಮಿನಿಯಂ ಆಗಿದ್ದರೆ, ಕಬ್ಬಿಣ ಮಾತ್ರ ಓದುವ ಅಗ್ಗದ ಗೇಜ್ ಸುಮ್ನೆ ಕೂರುತ್ತದೆ, ಎರಡೂ ಲೋಹ ಓದುವಂಥದ್ದು ಬೇಕು. ಫೈಬರ್‌ಗೆ ಅಲ್ಟ್ರಾಸೌಂಡ್ ಗೇಜ್ ಇದೆ, ಅದು ದುಬಾರಿ, ಒಳ್ಳೆಯ ಡೀಟೇಲರ್ ಹತ್ತಿರ ಸಿಗಬಹುದು. ಅದೂ ಸಿಗದಿದ್ದರೆ ಕಣ್ಣೇ ಗತಿ. ರಬ್ಬರ್ ಬೀಡಿಂಗ್ ಮೇಲೆ ಪೇಂಟ್ ಹನಿ, ಡೋರ್ ತೆರೆದಾಗ ಒಳಗೆ ಟೇಪ್ ಹಚ್ಚಿದ ಗೆರೆ, ಪಕ್ಕಪಕ್ಕದ ಪ್ಯಾನೆಲ್‌ಗಳಲ್ಲಿ ಕಿತ್ತಳೆ ಸಿಪ್ಪೆಯಂಥ ಮೇಲ್ಮೈ ಬೇರೆ ಬೇರೆ ಇರುವುದು, ಇವನ್ನು ಹುಡುಕಿ. ಅಳತೆ ಇಲ್ಲದ ಪ್ಯಾನೆಲ್ ಮೇಲೆ ನುಣ್ಣನೆ ಪಾಲಿಶ್ ದಾಟಿ ಮುಂದೆ ಹೋಗಬೇಡಿ.

ಪ್ರಶ್ನೆ: ಹಳೆ ಕೆಂಪು ಕಾರು. ಪಾಲಿಶ್ ಮಾಡಿದರೆ ಪ್ಯಾಡ್ ಪೂರ್ತಿ ಕೆಂಪಾಯಿತು. ಗಾಬರಿಯಾಗಿ ನಿಲ್ಲಿಸಿಬಿಟ್ಟೆ.

ಉತ್ತರ: ನಿಲ್ಲಿಸಿದ್ದು ಒಳ್ಳೆಯದಾಯಿತು. ಕಾಣದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಕೈಯಲ್ಲೇ ಮೆಲ್ಲಗೆ ಉಜ್ಜಿ. ಅಲ್ಲೂ ಬಟ್ಟೆ ಕೆಂಪಾದರೆ ನಿಮ್ಮ ಕಾರಿಗೆ ಕ್ಲಿಯರ್ ಕೋಟೇ ಇಲ್ಲ, ಬಣ್ಣವೇ ಮೇಲಿನ ಪದರ. ಹಳೆಯ ಕಾರುಗಳಲ್ಲಿ ಇದು ಸಹಜ. ಬಿಸಿಲಿಗೆ ಮಾಸಿ ಮಬ್ಬಾದ ಬಣ್ಣ ಮೇಲಿಂದ ಎದ್ದು ಬರುತ್ತಿದೆ, ಕೆಳಗಿನದು ಚೆನ್ನಾಗಿರುತ್ತದೆ. ಪ್ಯಾಡ್ ಆಗಾಗ ತೊಳೆದುಕೊಂಡು, ಕಡಿಮೆ ಒತ್ತಿ ಮುಂದುವರಿಸಿ. ಬೇರೆ ಕಡೆ ಬಟ್ಟೆ ಬೆಳ್ಳಗೇ ಉಳಿದು, ಒಂದು ಜಾಗದಲ್ಲಿ ಮಾತ್ರ ಕೆಂಪು ಬಂದರೆ ಅಲ್ಲಿ ಕ್ಲಿಯರ್ ಕೋಟ್ ಸವೆದು ಹೋಗಿದೆ. ಅದನ್ನು ಮತ್ತೆ ಮುಟ್ಟಬೇಡಿ.

ಪ್ರಶ್ನೆ: 9ಎಚ್ ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಮುಂದೆ ಗೀರು, ಕಲ್ಲೇಟು ಎರಡೂ ಇರುವುದಿಲ್ಲವಂತೆ, ನಿಜವಾ?

ಉತ್ತರ: ಇಲ್ಲ. 9ಎಚ್ ಅನ್ನುವುದು ಪೆನ್ಸಿಲ್ ಗಟ್ಟಿತನದ ಅಳತೆ. ಬೇರೆ ಬೇರೆ ಗಟ್ಟಿತನದ ಪೆನ್ಸಿಲ್‌ಗಳಿಂದ ಕೋಟಿಂಗ್ ಮೇಲೆ ಗೀರಿ ನೋಡುವ ಪರೀಕ್ಷೆ ಅದು. ವಜ್ರದ ಹತ್ತಿರದ ಗಟ್ಟಿತನ ಅಂತ ಹೇಳಿ ಮಾರುವವರಿದ್ದಾರೆ, ನಂಬಬೇಡಿ. ಕೋಟಿಂಗ್ ಒಳ್ಳೆಯದೇ, ನೀರು ನಿಲ್ಲುವುದಿಲ್ಲ, ಕೊಳೆ ಸುಲಭವಾಗಿ ಬಿಡುತ್ತದೆ, ಹಕ್ಕಿ ಹಿಕ್ಕೆ ಬಿದ್ದರೆ ಒರೆಸಲು ಸ್ವಲ್ಪ ಸಮಯ ಸಿಗುತ್ತದೆ. ಆದರೆ ಅದು ತುಂಬಾ ತೆಳುವಾದ ಪದರ, ಕಲ್ಲು ತಡೆಯುವುದಿಲ್ಲ. ಕಲ್ಲಿಗೆ ಬೇಕಾದದ್ದು ಪಿಪಿಎಫ್, ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಫಿಲ್ಮ್. ಮುಂದಿನ ಬಂಪರ್, ಬಾನೆಟ್ ಮತ್ತು ಹಿಂದಿನ ಚಕ್ರದ ಮುಂದಿನ ಭಾಗಕ್ಕೆ ಹಾಕಿಸಿದರೂ ಸಾಕು. ಯಾವುದನ್ನೇ ಹಾಕಿಸಿ, ಗೀರು ಸರಿಮಾಡಿಸಿದ ಮೇಲೆ ಹಾಕಿಸಿ. ಇಲ್ಲದಿದ್ದರೆ ಗೀರುಗಳ ಮೇಲೆಯೇ ಕೋಟಿಂಗ್ ಕೂರುತ್ತದೆ.

ಪ್ರಶ್ನೆ: ಮ್ಯಾಟ್ ಪೇಂಟ್ ಕಾರಿನ ಗೀರು ಹೇಗೆ ತೆಗೆಯುವುದು?

ಉತ್ತರ: ತೆಗೆಯಲು ಆಗುವುದಿಲ್ಲ. ಉಜ್ಜಿದ ಕಡೆ ಹೊಳಪು ಬಂದು ಮಚ್ಚೆಯಾಗುತ್ತದೆ. ತೊಳೆಯುವಾಗಲೇ ಹುಷಾರು.

ಪ್ರಶ್ನೆ: ಬಿಳಿ ಚರ್ಮದ ಸೀಟಿಗೆ ಜೀನ್ಸ್ ನೀಲಿ ಹತ್ತಿದೆ. ಮೆಲಮೈನ್ ಸ್ಪಂಜಿನಿಂದ ಉಜ್ಜಿದರೆ ಹೋಗುತ್ತದೆ ಅಂತಾರೆ.

ಉತ್ತರ: ಹೋಗುತ್ತದೆ, ಜೊತೆಗೆ ಸೀಟಿನ ಮೇಲಿನ ಪದರವೂ ಹೋಗುತ್ತದೆ. ಆ ಸ್ಪಂಜು ಅತಿ ನುಣ್ಣನೆ ಮರಳು ಕಾಗದ ಇದ್ದ ಹಾಗೆ. ಈಗಿನ ಕಾರುಗಳ ಚರ್ಮಕ್ಕೆ ಬಹುತೇಕ ಮೇಲೆ ಬಣ್ಣದ ತೆಳು ಲೇಪ ಇರುತ್ತದೆ. ಚರ್ಮಕ್ಕೆಂದೇ ಬರುವ ಸೌಮ್ಯ ಕ್ಲೀನರ್ ಮತ್ತು ಮೆತ್ತನೆ ಬ್ರಷ್ ಸಾಕು. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಮೂರು ಸಲ ಮಾಡಿ. ತೂತು ತೂತಿನ ಸೀಟಾದರೆ ಕ್ಲೀನರನ್ನು ಬ್ರಷ್‌ಗೆ ಹಾಕಿ, ಸೀಟಿಗೆ ಸುರಿಯಬೇಡಿ.

ಪ್ರಶ್ನೆ: ಒಂದು ಸಲ ಎಲ್ಲಾ ಸರಿಮಾಡಿಸಿದ ಮೇಲೆ ವರ್ಷಕ್ಕೆ ಎಷ್ಟು ಸಲ ಪಾಲಿಶ್ ಮಾಡಿಸಬೇಕು?

ಉತ್ತರ: ಲೆಕ್ಕ ಇಟ್ಟು ಮಾಡಿಸುವ ಕೆಲಸವೇ ಅಲ್ಲ ಇದು. ಸರಿಯಾಗಿ ತೊಳೆಯಿರಿ, ದೊಡ್ಡ ಮೆತ್ತನೆ ಟವೆಲ್ ಹಾಸಿ ನೀರು ಹೀರಿಸಿ, ಧೂಳಿರುವಾಗ ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಇದ್ದರೆ ಬಿಡಿ. ಹೀಗೆ ನೋಡಿಕೊಂಡರೆ ವರ್ಷಗಟ್ಟಲೆ ಮೆಷಿನ್ ಬೇಕಾಗುವುದಿಲ್ಲ. ಬೇಕಾದಾಗಲೂ ನುಣ್ಣನೆ ಪಾಲಿಶ್ ಒಂದು ಸುತ್ತು, ಅಷ್ಟೇ. ಮತ್ತೆ ಮೊದಲ ಉತ್ತರದಲ್ಲಿ ಕಾರಿನ ಚಿತ್ರದ ಮೇಲೆ ಅಳತೆ ಬರೆಯಿರಿ ಅಂದೆನಲ್ಲ, ಆ ಕಾಗದ ಎಸೆಯಬೇಡಿ. ಪಾಲಿಶ್ ಆದ ಮೇಲಿನ ಅಳತೆಯನ್ನೂ, ತಾರೀಖನ್ನೂ, ಯಾವ ಪ್ಯಾನೆಲ್‌ಗೆ ಏನು ಹಾಕಿದಿರಿ ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆದು ಸರ್ವಿಸ್ ಪುಸ್ತಕದ ಜೊತೆ ಇಡಿ. ಮುಂದೆ ನಿಮ್ಮ ಕಾರು ಕೊಳ್ಳುವವರು ಮೆಷಿನ್ ಎತ್ತಿಕೊಳ್ಳುವ ಮೊದಲು ಅದನ್ನು ನೋಡಲಿ.