ಟಿಪ್ಪು ಫಿಗರ್‌ಹೆಡ್: ಮೊದಲು ತೋಡು, ಆಮೇಲೆ ಮುಖ

ಸರ್, ‘ಸೆರಿಂಗಪಟಂ’ ಹಡಗಿನ 1:48 ಮಾದರಿಗೆ ಟಿಪ್ಪು ಗೊಂಬೆ (ಫಿಗರ್‌ಹೆಡ್, ಅಂದರೆ ಹಡಗಿನ ಮೂತಿಯ ಅಲಂಕಾರದ ಕೆತ್ತನೆ) ಕೆತ್ತುವಾಗ ಛತ್ರಿಯ ಹಿಡಿ ಮುರಿಯಿತು, ಮೂತಿಯ ಹಲಗೆಗೆ ಕೂರಿಸುವಾಗ ಗೊಂಬೆಯೇ ಸೀಳಿತು ಎಂದಿದ್ದೀರಿ. ಮೊದಲನೆಯದು ಮರದ ಎಳೆಯ ತೊಂದರೆ, ಎರಡನೆಯದು ಕೆಲಸದ ಕ್ರಮದ್ದು.

ಶ್ರೀರಂಗಪಟ್ಟಣದ ಹೆಸರಿನ ಈ ಫ್ರಿಗೇಟನ್ನು (ಹಾಯಿ ಯುದ್ಧನೌಕೆ) 1819ರಲ್ಲಿ ಬೊಂಬಾಯಿಯಲ್ಲಿ ತೇಗದಿಂದ ಕಟ್ಟಿದರು. ಗೊಂಬೆ ಈಗ ಲಂಡನ್ನಿನ ಗ್ರೀನಿಚ್ ಮ್ಯೂಸಿಯಮ್ಮಿನಲ್ಲಿದೆ: ಕಥೆಗಳ ದೈತ್ಯ ಹಕ್ಕಿಯಾದ ರಾಕ್ ಪಕ್ಷಿಯ ಬೆನ್ನೇರಿ ಕೂತ, ಪೇಟ ತೊಟ್ಟು ಛತ್ರಿ ಹಿಡಿದ ಆಳು. ಟಿಪ್ಪು ಎಂದೇ ಗುರುತಿಸುತ್ತಾರೆ. ಟಿಪ್ಪು ಸಿಂಹಾಸನದ ಹುಮಾ ಹಕ್ಕಿಯ ಚಿತ್ರ ನೋಡಿ ಕೊಕ್ಕು, ರೆಕ್ಕೆ ಕೆತ್ತಬೇಡಿ. ಅದು ಚಿನ್ನ, ರತ್ನದ ಕುಸುರಿ. ಇದು ಬಹುದೂರದಿಂದ ಕಾಣಬೇಕಾದ ಒರಟು ಕೆತ್ತನೆ.

ಅಳತೆ ಸರಳ: ಮೂಲದ ಎತ್ತರವನ್ನು 48ರಿಂದ ಭಾಗಿಸಿ. 2,400 ಮಿ.ಮೀ. ಇದ್ದರೆ ಮಾದರಿಯಲ್ಲಿ 50 ಮಿ.ಮೀ. ಚನ್ನಪಟ್ಟಣದ ಗೊಂಬೆಗಳ ಹಾಲೆಮರ ಸಾಕು; ಎಳೆ ನಯ, ಉಳಿ ಸಿಕ್ಕಿಕೊಳ್ಳುವುದಿಲ್ಲ. ಎಳೆ ಸವಾರನ ಬೆನ್ನು, ಕುತ್ತಿಗೆಯ ಉದ್ದಕ್ಕೆ ನಿಲ್ಲಲಿ. ಕೆಳಗೆ 15 ಮಿ.ಮೀ. ಹೆಚ್ಚು ಬಿಡಿ, ವೈಸಿನಲ್ಲಿ ಹಿಡಿಯಲು.

ತುಂಡು ಇನ್ನೂ ಚೌಕವಾಗಿರುವಾಗಲೇ, ಮೂತಿಯ ಹಲಗೆ ಕೂರುವ ತೋಡನ್ನು ಹಿಂಬದಿಯಲ್ಲಿ ಕೊಯ್ದುಬಿಡಿ. ಹಲಗೆಯ ದಪ್ಪಕ್ಕಿಂತ 0.2 ಮಿ.ಮೀ. ಸಡಿಲವಿರಲಿ. ಕೆತ್ತಿದ ಮೇಲೆ ತೋಡು ತೆಗೆದರೆ ಎರಡೂ ಪಕ್ಕ ತೆಳುವಾಗಿ, ಬಿಗಿದು ಒತ್ತಿದೊಡನೆ ಸೀಳುತ್ತದೆ. ನಿಮಗಾಗಿದ್ದು ಅದೇ.

ಛತ್ರಿಯ ಹಿಡಿಯನ್ನು ಮರದಲ್ಲಿ ಪ್ರಯತ್ನಿಸಲೇಬೇಡಿ. 0.6 ಮಿ.ಮೀ. ಹಿತ್ತಾಳೆ ತಂತಿ ಹಾಕಿ, ಮುಷ್ಟಿಯಲ್ಲಿ ಮೊದಲೇ ರಂಧ್ರ ಕೊರೆದು, ಕೊಡೆಯನ್ನು ಬೇರೆಯಾಗಿ ಕಡೆದು ಕೂರಿಸಿ. ಅಂಟಿಸುವ ಮುನ್ನ ಬೌಸ್ಪ್ರಿಟ್ (ಮೂತಿಯಿಂದ ಮುಂದಕ್ಕೆ ಚಾಚುವ ಕಂಬ) ಜಾಗದಲ್ಲೊಂದು ಕಡ್ಡಿ ಇಟ್ಟು ನೋಡಿ, ಕೊಡೆ ತಾಗಬಾರದು. ಕೊಕ್ಕಿನಲ್ಲಿ ಎಳೆ ಅಡ್ಡ ಬರುವುದರಿಂದ ಅದನ್ನೂ ಪ್ರತ್ಯೇಕ ತುಂಡಿನಿಂದ ಮಾಡುವುದು ಲೇಸು.

ತಲೆ ಸುಮಾರು 6 ಮಿ.ಮೀ. ಅಷ್ಟೇ. ಮೂಗಿನ ಏಣು ಬಿಟ್ಟು ಕಣ್ಣಿನ ಗುಳಿ ತಗ್ಗಿಸಿ, ಗಡ್ಡ ಮೀಸೆ ಪೇಟದ ಮಡಿಕೆ ಕೊಂಚ ಅತಿಯಾಗಿಯೇ ಮಾಡಿ. ಕಣ್ಣುಗುಡ್ಡೆ ಕೆತ್ತುವ ಗೋಜು ಬೇಡ, ಬಣ್ಣದಲ್ಲಿ ತೋರಿಸಿ. ಅಕ್ರಿಲಿಕ್ ಎರಡು ತೆಳು ಕೋಟು ಕೊಟ್ಟರೆ ಸಾಕು. ದಪ್ಪ ಬಣ್ಣ ಗೀರುಗಳನ್ನೆಲ್ಲ ನುಂಗಿಬಿಡುತ್ತದೆ.

ಇದೇ ಥ್ರೆಡ್ಡಿನಲ್ಲಿ ‘ಕಾನ್‌ಸ್ಟಿಟ್ಯೂಶನ್’ ಎಂಬ ಅಮೆರಿಕದ ಯುದ್ಧಹಡಗಿಗೆ ಅಲ್ಲಿನ ಅಧ್ಯಕ್ಷ ಆಂಡ್ರೂ ಜಾಕ್ಸನ್ ಗೊಂಬೆ ಕೇಳಿದವರಿಗೆ: ಬ್ರಿಟನ್ ವಿರುದ್ಧದ 1812ರ ಯುದ್ಧಕಾಲದ ಮಾದರಿಗೆ ಜಾಕ್ಸನ್ ಸಲ್ಲ. ಆಗ ಮೂತಿಗೆ ಸುರುಳಿ ಕೆತ್ತನೆಯಿತ್ತು. ಜಾಕ್ಸನ್ ಬಂದಿದ್ದು 1834ರಲ್ಲಿ, ಅದೇ ಜುಲೈಯಲ್ಲಿ ಬಾಸ್ಟನ್ನಿನಲ್ಲಿ ವಿರೋಧಿಯೊಬ್ಬ ರಾತ್ರಿ ತಲೆ ಕೊಯ್ದೊಯ್ದ. ಮರುವರ್ಷ ಬೇರೆ ತಲೆ ಜೋಡಿಸಿದರು. ಹಾಗಾಗಿ ನಿಮ್ಮ ಮಾದರಿಯ ವರ್ಷ ನಿಗದಿ ಮಾಡಿಕೊಂಡೇ ಮುಖ ಕೆತ್ತಿ.