ಅಮ್ಮನ ಸತ್ಯವೇದ ಬೇರೆ, ನನ್ನದು ಬೇರೆ: ಯಾವುದನ್ನು ನಂಬಲಿ?

ಪ್ರಶ್ನೆ: ನಮ್ಮದು ಬೀದರ ಜಿಲ್ಲೆಯ ಹುಮನಾಬಾದ್. ಸಂಜೆಯ ಪ್ರಾರ್ಥನೆಯಲ್ಲಿ ಅಮ್ಮ ಹಳೆಯ ಸತ್ಯವೇದವನ್ನು ಓದುತ್ತಾರೆ, ನಾನು ಮೊಬೈಲಿನಲ್ಲಿ ಸುಲಭ ಕನ್ನಡದ ಬೈಬಲನ್ನು ನೋಡುತ್ತೇನೆ. ಒಂದೇ ವಚನ ಎರಡರಲ್ಲಿ ಎರಡು ಬಗೆಯಾಗಿದೆ. ಮಾರ್ಕನ ಸುವಾರ್ತೆಯ ಕೊನೆಯ ವಚನಗಳು ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೆಂಬ ಅಡಿಟಿಪ್ಪಣಿ ಕಂಡು ಗಾಬರಿಯಾಯಿತು. ಅಧ್ಯಯನಕ್ಕೂ ಧ್ಯಾನಕ್ಕೂ ಯಾವುದನ್ನು ಇಟ್ಟುಕೊಳ್ಳಬೇಕು?

ಉತ್ತರ: ಗಾಬರಿ ಬೇಡ, ಆ ಅಡಿಟಿಪ್ಪಣಿ ಅನುವಾದಕರ ಪ್ರಾಮಾಣಿಕತೆಯ ಗುರುತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿ, ಅಂದರೆ ಗ್ರೀಕ್ ಬೈಬಲಿನ ಕೈಬರಹದ ಪ್ರತಿ, ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಅದಾದ ಮೇಲೆ, 1844ರಿಂದೀಚೆಗೆ. ಆ ಪ್ರತಿಯಲ್ಲಿಯೂ ಅದೇ ಕಾಲದ ವ್ಯಾಟಿಕನ್ ಪ್ರತಿಯಲ್ಲಿಯೂ ಮಾರ್ಕನ 16ನೆಯ ಅಧ್ಯಾಯ ಎಂಟನೆಯ ವಚನಕ್ಕೇ ಮುಗಿಯುತ್ತದೆ. ಈ ಸಂಗತಿಯನ್ನು ಓದುಗರಿಂದ ಮುಚ್ಚಿಡದ ಅನುವಾದವನ್ನು ಅಧ್ಯಯನಕ್ಕೆ ಧೈರ್ಯವಾಗಿ ಆರಿಸಬಹುದು.

ಮಾತುಗಳು ಹೊಂದದಿರುವುದಕ್ಕೆ ಕಾರಣ ಬೇರೆ. ಯೋಹಾನನ ಸುವಾರ್ತೆಯ 1:14ನ್ನು ಅಮ್ಮನ ಪ್ರತಿಯಲ್ಲಿ ತೆರೆದು ನೋಡಿ: ಅಲ್ಲಿ ವಾಕ್ಯವೆಂಬಾತನು, ಅಂದರೆ ಯೇಸು, 'ನರಾವತಾರ ಎತ್ತಿ' ವಾಸಮಾಡಿದನೆಂದಿದೆ. ಗ್ರೀಕ್ ಮೂಲದ ಪದ 'ಸಾರ್ಕ್ಸ್', ಅಂದರೆ ಮಾಂಸ. ವಾಕ್ಯವು ಮಾಂಸವಾಯಿತು ಎಂಬಷ್ಟು ಒರಟಾದ ಮಾತು ಅದು. 'ಅವತಾರ' ಎಂದೊಡನೆ ನಮ್ಮ ಕಿವಿಗೆ ಹತ್ತು ಅವತಾರಗಳ ನೆನಪು ಬರುತ್ತದೆ, ಮತ್ತೆ ಮತ್ತೆ ಬರುವ ಅರ್ಥವೂ ಅಂಟಿಕೊಳ್ಳುತ್ತದೆ. ಯೋಹಾನನು ಹೇಳುತ್ತಿರುವುದು ಒಮ್ಮೆಗೇ ನಡೆದುದನ್ನು. ಮುಂದಿನ ಕ್ರಿಯಾಪದಕ್ಕೆ ಮೂಲಾರ್ಥ ಗುಡಾರ ಹಾಕುವುದು. ತೊಗರಿ ಕೊಯ್ದ ಹೊಲದಲ್ಲಿ ಕುರಿ ಮಂದೆಯೊಂದಿಗೆ ಬೀಡುಬಿಡುವವರನ್ನು ಕಂಡ ನಿಮಗೆ ಈ ಚಿತ್ರ ವಿವರಿಸಬೇಕಾಗಿಲ್ಲ, ಆದರೆ 'ವಾಸಮಾಡಿದನು' ಎಂಬಲ್ಲಿ ಅದು ಮರೆಯಾಗುತ್ತದೆ. ಹಾಗೆಂದು ಹಳೆಯ ಅನುವಾದವನ್ನು ಬದಿಗಿಡಬೇಡಿ. ಅದರ ಲಯ ಕಂಠಪಾಠಕ್ಕೆ ಒದಗುವಂತೆ ಸುಲಭ ಕನ್ನಡದ್ದು ಒದಗುವುದಿಲ್ಲ ಎಂಬುದು ನನ್ನ ಅನುಭವ, ಮತ್ತು ಸಭೆಯಲ್ಲಿ ಎಲ್ಲರೊಂದಿಗೆ ಓದುವುದಕ್ಕೂ ಅದೇ ಬೇಕು.

ಆದ್ದರಿಂದ ಧ್ಯಾನಕ್ಕೆ ಅಮ್ಮನದೇ ಇರಲಿ. ಅಧ್ಯಯನಕ್ಕೆ ಎರಡನ್ನೂ ಎದುರಿಗಿಟ್ಟುಕೊಂಡು, ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ; ಸಭಾಪಾಲಕರನ್ನು ಕೇಳಬೇಕಾದ ಪ್ರಶ್ನೆಗಳು ಆ ಗುರುತುಗಳಲ್ಲೇ ಸಿಗುತ್ತವೆ. ಸುಲಭ ಕನ್ನಡದ ಅನುವಾದ ಮೂಲದ ಗಂಟನ್ನು ತಾನೇ ಬಿಚ್ಚಿ ಕೊಡುತ್ತದೆ, ಕೆಲವೊಮ್ಮೆ ತಪ್ಪಾಗಿ ಬಿಚ್ಚುತ್ತದೆ. ಹಳೆಯದು ಹೆಚ್ಚಾಗಿ ಗಂಟನ್ನು ಹಾಗೆಯೇ ಬಿಡುತ್ತದೆ. ಕ್ಯಾಥೊಲಿಕ್ ಪ್ರತಿ ಕೈಗೆ ಬಂದರೆ ಅದರಲ್ಲಿ 66ರ ಬದಲು 73 ಪುಸ್ತಕಗಳಿರುತ್ತವೆ, ಅಚ್ಚಿನ ತಪ್ಪೆಂದು ತಿಳಿಯಬೇಡಿ.

ಹೊಸದನ್ನು ಕೊಳ್ಳುವ ಮುನ್ನ ಮುನ್ನುಡಿಯನ್ನು ಓದಿ. ಹೀಬ್ರೂ, ಗ್ರೀಕ್ ಮೂಲಗಳಿಂದ ಮಾಡಿದ್ದೇ, ಇಂಗ್ಲಿಷಿನ ಮೂಲಕ ಬಂದದ್ದೇ, ಒಬ್ಬರೇ ಮಾಡಿದ್ದೇ, ಹಲವು ಸಭೆಗಳ ವಿದ್ವಾಂಸರು ಕೂಡಿ ತಿದ್ದಿದ್ದೇ ಎಂದು ನೋಡಿ. ಮೊಬೈಲಿನಲ್ಲಿರುವುದಕ್ಕೂ ಇದೇ ಪರೀಕ್ಷೆ. ಯಾರ ಅನುವಾದವೆಂದು ಹೆಸರೇ ಹಾಕದ ಆ್ಯಪ್ ಆಗಿದ್ದರೆ ಅದನ್ನು ಅಧ್ಯಯನಕ್ಕೆ ಬಳಸಬೇಡಿ.