ಅವರು ನಿಮಗೆ ಏನಾಗಬೇಕು?

ಈ ಪ್ರಕರಣವನ್ನು ಸಲಹಾರ್ಥಿಯ, ಎಂದರೆ ಆಪ್ತಸಲಹೆಗೆಂದು ನನ್ನ ಬಳಿಗೆ ಬಂದವರ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದೆ.

ಸಲಹಾರ್ಥಿಯು ಮಂಡ್ಯ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ, ಮೂವತ್ತಮೂರರ ಪ್ರಾಯದ ಗೃಹಸ್ಥರು. ಒಂದು ಹೆಣ್ಣು ಮಗುವಿದೆ. ಊರಿನ ಪುನೀತ್ ರಾಜಕುಮಾರ್ ಅಭಿಮಾನಿ ಸಂಘಕ್ಕೆ ಹಲವು ವರ್ಷಗಳಿಂದ ಇವರೇ ಕಾರ್ಯದರ್ಶಿ. 2022ರ ಏಪ್ರಿಲ್‌ನಲ್ಲಿ ಹೃದ್ರೋಗ ತಜ್ಞರೊಬ್ಬರ ಚೀಟಿ ಹಿಡಿದು ಪತ್ನಿಯೊಂದಿಗೆ ಬಂದರು. ಎದೆಯಲ್ಲಿ ಹಿಡಿದಂತಾಗುವುದು, ರಾತ್ರಿ ಎಚ್ಚರವಾಗಿ ನಾಡಿ ನೋಡಿಕೊಳ್ಳುವುದು, ಒಬ್ಬರೇ ಬೈಕಿನಲ್ಲಿ ಹೋಗಲು ಹೆದರುವುದು, ಇವು ಅವರು ಹೇಳಿದ ತೊಂದರೆಗಳು. ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತಪರೀಕ್ಷೆ ಎಲ್ಲವೂ ಸಹಜವಾಗಿದ್ದರೂ ಒಂದು ಆಸ್ಪತ್ರೆಯ ವರದಿಯನ್ನು ಇನ್ನೊಂದು ಆಸ್ಪತ್ರೆಗೆ ತೋರಿಸುತ್ತ, ಮೂರನೆಯದರಲ್ಲಿ ಹೊಸದಾಗಿ ಮಾಡಿಸುತ್ತ ಐದು ತಿಂಗಳು ಕಳೆದಿದ್ದರು. ವರದಿಗಳ ಫೋಟೊಗಳಿಗೆಂದೇ ಫೋನಿನಲ್ಲಿ ಒಂದು ಫೋಲ್ಡರ್ ಇತ್ತು.

2021ರ ಅಕ್ಟೋಬರ್ 29ರಂದು ಪುನೀತ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಆ ಸುದ್ದಿಯ ಬೆನ್ನಿಗೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ತಪಾಸಣೆಗೆ ಬರುವವರ ಸಂಖ್ಯೆ ಏರಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಮ್ಮ ಸಲಹಾರ್ಥಿಯೂ ಆ ಸಾಲಿನಲ್ಲಿ ನಿಂತವರೇ. ಆದರೆ ಹೆಚ್ಚಿನವರ ಭಯ ಕೆಲವು ವಾರಗಳಲ್ಲಿ ಇಳಿಯಿತು, ಇವರದು ಇಳಿಯಲಿಲ್ಲ. “ನಿಮಗೇನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೀರಿ” ಎಂದು ವೈದ್ಯರು ಹೇಳಿದಷ್ಟೂ ಭಯ ಬೆಳೆಯುತ್ತಿದ್ದುದಕ್ಕೆ ಕಾರಣವನ್ನು ಅವರೇ ಹೇಳಿದರು: “ಅವರಿಗಿಂತ ಗಟ್ಟಿಮುಟ್ಟಾ ಮೇಡಂ ನಾನು? ಅವರ ಡ್ಯಾನ್ಸು ನೋಡಿದ್ದೀರಲ್ಲ.” ನಲವತ್ತಾರರಲ್ಲಿ ತಮ್ಮ ವಯಸ್ಸನ್ನು ಕಳೆದು ಹದಿಮೂರು ವರ್ಷ ಉಳಿದಿದೆ ಎಂದು ಲೆಕ್ಕ ಹಾಕಿದ್ದರು. ಚಿನ್ನದ ಸಾಲವನ್ನು ಅಷ್ಟರೊಳಗೆ ತೀರಿಸಿಬಿಡಬೇಕೆಂದು ಪತ್ನಿಗೆ ಹೇಳಿದ್ದೂ ಆಗಿತ್ತು.

ಪತ್ನಿಯ ದೂರು ಬೇರೆ ಬಗೆಯದು. “ನಮ್ಮ ಮಾವ ಹೋದಾಗ ಇವರು ಇಷ್ಟು ಅಳಲಿಲ್ಲ. ಆ ನಟ ಇವರಿಗೆ ಏನಾಗಬೇಕು?” ಎಂಬ ಪ್ರಶ್ನೆಯನ್ನು ಆಕೆ ನನ್ನೆದುರೇ ಕೇಳಿದರು. ಊರಿನಲ್ಲಿ ಬಂಧುಗಳೂ ಇದನ್ನೇ ಕೇಳಿದ್ದರಂತೆ. ಅದಾದ ಮೇಲೆ ಸಲಹಾರ್ಥಿಯು ಪುನೀತ್ ಹೆಸರನ್ನು ಮನೆಯಲ್ಲಿ ಎತ್ತುವುದನ್ನೇ ಬಿಟ್ಟು, ಎದೆನೋವಿನ ವಿಷಯವನ್ನಷ್ಟೇ ಮಾತಾಡತೊಡಗಿದ್ದರು. ಅಳುವುದಕ್ಕೆ ಅನುಮತಿಯಿಲ್ಲದ ಮನೆಯಲ್ಲಿ ಕಾಯಿಲೆಗೆ ಮಾತ್ರ ಅನುಮತಿ ಇದ್ದಂತೆ ಆಯಿತು. ಸಮಾಜ ಒಪ್ಪದ ಶೋಕವೆಂಬ ವಿಚಾರವನ್ನು ಶೋಕದ ಅಧ್ಯಯನಕಾರ ಕೆನೆತ್ ಡೋಕಾ 1989ರಲ್ಲಿ ಮಂಡಿಸಿದರು. ಸತ್ತವರಿಗೂ ಅಳುವವರಿಗೂ ಇರುವ ಸಂಬಂಧಕ್ಕೆ ಜನ ಮಾನ್ಯತೆ ಕೊಡದಿದ್ದಾಗ ಸಾಂತ್ವನ ಸಿಗುವ ದಾರಿಯೂ ಮುಚ್ಚುತ್ತದೆ ಎಂಬುದು ಅದರ ಸಾರ. ಈ ಮನೆಯಲ್ಲಿ ಆದದ್ದೂ ಅದೇ.

ತಂದೆಯ ಸಾವಿನ ವಿಷಯವನ್ನು ನಾನು ವಿಚಾರಿಸದೆ ಬಿಡಲಿಲ್ಲ. ನಟನ ಸಾವಿಗೆ ಅತ್ತವರ ಮನಸ್ಸಿನಲ್ಲಿ ಬೇರೊಂದು “ನಿಜವಾದ” ದುಃಖ ಅಡಗಿರಲೇಬೇಕು ಎಂದು ಅಗೆಯುವ ಚಟ ನಮ್ಮ ವೃತ್ತಿಯಲ್ಲಿದೆ. ಅದೂ ಒಂದು ರೀತಿಯಲ್ಲಿ “ಅವರು ನಿಮಗೆ ಏನಾಗಬೇಕು” ಎಂದು ನಯವಾಗಿ ಕೇಳುವುದೇ. ಇಲ್ಲಿ ಅಂಥದ್ದೇನೂ ಸಿಗಲಿಲ್ಲ. “ಅಪ್ಪ ಎರಡು ವರ್ಷ ಹಾಸಿಗೆ ಹಿಡಿದಿದ್ದರು, ನಾನೇ ನೋಡಿಕೊಂಡೆ, ಹೋಗುತ್ತಾರೆಂದು ಗೊತ್ತಿತ್ತು. ಇವರು ಬೆಳಿಗ್ಗೆ ಇದ್ದರು, ಮಧ್ಯಾಹ್ನ ಇರಲಿಲ್ಲ” ಎಂದು ಅವರು ಹೇಳಿದ್ದರಲ್ಲಿ ತಪ್ಪಿಸಿಕೊಳ್ಳುವ ಧ್ವನಿ ಇರಲಿಲ್ಲ. ತಂದೆಗಾಗಿ ಮಾಡಬೇಕಾದ್ದನ್ನೆಲ್ಲ ಮಾಡಿದ ಮಗ ಅವರು. ಪುನೀತ್‌ಗಾಗಿ ಪಟ್ಟ ದುಃಖ ಪುನೀತ್‌ಗಾಗಿಯೇ ಪಟ್ಟದ್ದು ಎಂದು ಒಪ್ಪಿಕೊಂಡು ಮುಂದುವರಿದೆ.

ಹಾಗಾದರೆ ಆ ಸಂಬಂಧ ಎಂಥದು? ತೆರೆಯ ಮೇಲಿನ ವ್ಯಕ್ತಿಯೊಂದಿಗೆ ಪ್ರೇಕ್ಷಕನಿಗೆ ಬೆಳೆಯುವ ಏಕಮುಖ ಆಪ್ತತೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು ಸಂಶೋಧಕರು 1956ರಷ್ಟು ಹಿಂದೆಯೇ ವಿವರಿಸಿದ್ದಾರೆ. ಆದರೆ ಅವರ ಕಣ್ಣಮುಂದೆ ಇದ್ದದ್ದು ಅಮೆರಿಕದ ರೇಡಿಯೊ, ಟೆಲಿವಿಷನ್ ನಿರೂಪಕರು. ಅಭಿಮಾನಿಗಳನ್ನು “ಅಭಿಮಾನಿ ದೇವರುಗಳೇ” ಎಂದು ಕೈಮುಗಿದು ಕರೆದ ಡಾ. ರಾಜಕುಮಾರ್ ಅವರ ಮನೆತನ, ಊರೂರಿಗೆ ಇರುವ ಸಂಘ, ನಟನ ಹುಟ್ಟುಹಬ್ಬಕ್ಕೆ ಮನೆಯ ಬಾಗಿಲಲ್ಲಿ ಸೇರುವ ಜನ, ಇವೆಲ್ಲ ಇರುವ ಕರ್ನಾಟಕದಲ್ಲಿ ಅದನ್ನು ಪೂರ್ತಿ ಏಕಮುಖವೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಸಲಹಾರ್ಥಿಯ ಕಥೆಯನ್ನೇ ನೋಡಿ. 2002ರ ಏಪ್ರಿಲ್‌ನಲ್ಲಿ ಪುನೀತ್ ನಾಯಕರಾಗಿ “ಅಪ್ಪು” ಚಿತ್ರದಲ್ಲಿ ಬಂದಾಗ ಇವರಿಗೆ ಹದಿಮೂರು ವರ್ಷ. ರಾಜಕುಮಾರ್ ಅಭಿಮಾನಿಯಾಗಿದ್ದ ತಂದೆ, “ಅಣ್ಣಾವ್ರ ಮಗನ ಸಿನಿಮಾ” ಎಂದು ಎಳೆದುಕೊಂಡು ಹೋಗಿದ್ದರು. ಓದಿನಲ್ಲಿ ಹಿಂದೆ, ಮಾತಿನಲ್ಲಿ ತೊದಲು, ತರಗತಿಯಲ್ಲಿ ಹಿಂದಿನ ಬೆಂಚು. ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಅದೇ ಚಿತ್ರದ ಹಾಡಿಗೆ ಕುಣಿದಾಗ, ಅವರ ಮಾತಿನಲ್ಲೇ ಹೇಳುವುದಾದರೆ, “ತೊದಲ ಹೋಗಿ ಊರಿಗೆಲ್ಲ ಅಪ್ಪು ಆದೆ.” ಸ್ನೇಹಿತರು ಬಂದದ್ದು ಆ ಕುಣಿತದಿಂದ, ಸಂಘ ಹುಟ್ಟಿದ್ದು ಆ ಸ್ನೇಹಿತರಿಂದ, ಅಂಗಡಿಗೆ ಮೊದಲ ಸಾಲ ಕೊಟ್ಟವರು ಸಂಘದ ಅಧ್ಯಕ್ಷರು. ಕಟೌಟು, ಹಾರ, ಮೊದಲ ದಿನದ ಮೊದಲ ಪ್ರದರ್ಶನ, ರಕ್ತದಾನ ಶಿಬಿರ, ಪುನೀತ್ ಹುಟ್ಟಿದ ದಿನವಾದ ಮಾರ್ಚ್ 17ರ ಅನ್ನಸಂತರ್ಪಣೆ, ಹೀಗೆ ಇಪ್ಪತ್ತು ವರ್ಷದ ಪಂಚಾಂಗವೇ ಆ ಒಬ್ಬ ವ್ಯಕ್ತಿಯ ಸುತ್ತ ಇತ್ತು. ಪುನೀತ್ ಇವರನ್ನು ಒಮ್ಮೆಯೂ ಭೇಟಿಯಾಗಿಲ್ಲ ಎಂಬುದು ನಿಜ. ಆದರೆ ಇವರ ಬದುಕಿನ ಮುಕ್ಕಾಲು ಪಾಲು ಸಂಬಂಧಗಳು ಅವರ ಹೆಸರಿನ ಮೂಲಕವೇ ಬಂದವು. ಅಭಿಮಾನಿಯಾಗುವುದೆಂದರೆ ಒಬ್ಬ ನಟನನ್ನು ಮೆಚ್ಚುವುದಷ್ಟೇ ಎಂದುಕೊಂಡವರಿಗೆ ಈ ನಷ್ಟದ ಅಳತೆ ಸಿಗುವುದಿಲ್ಲ. ಬಾಲ್ಯದ ನಾಯಕನ ಜೊತೆಗೆ ಕಾರ್ಯದರ್ಶಿಯ ಕೆಲಸದ ಅರ್ಥವೂ ಹೋಗಿತ್ತು.

ಅಂಗಡಿಯ ಕೆಲಸವೇ ಅವರಿಗೆ ಕಷ್ಟವಾಗುತ್ತಿದ್ದುದನ್ನು ಎರಡನೆಯ ಭೇಟಿಯಲ್ಲಿ ಹೇಳಿದರು. ಒಡೆದ ಡಿಸ್ಪ್ಲೇ ತೆಗೆದು ಹೊಸದನ್ನು ಕೂರಿಸಿ, ಪವರ್ ಬಟನ್ ಒತ್ತಿ, ಹತ್ತಿತೋ ಇಲ್ಲವೋ ಎಂದು ನೋಡಬೇಕು. ಆ ತಿಂಗಳುಗಳಲ್ಲಿ ಬರುತ್ತಿದ್ದ ಎಷ್ಟೋ ಫೋನುಗಳಲ್ಲಿ ಪರದೆ ಬೆಳಗಿದ ಕೂಡಲೇ ಕಾಣಿಸುತ್ತಿದ್ದುದು ಪುನೀತ್ ಅವರ ನಗುಮುಖ, ಕೆಳಗೆ ಹುಟ್ಟಿದ ದಿನ ಮತ್ತು ತೀರಿಕೊಂಡ ದಿನ. ಬಟನ್ ಒತ್ತುವ ಮೊದಲೇ ಕೈ ನಡುಗುತ್ತಿತ್ತು. ಕೊನೆಗೆ ಆ ಒಂದು ಹಂತವನ್ನು ಅಂಗಡಿಯ ಹುಡುಗನಿಗೆ ಒಪ್ಪಿಸಿದ್ದರು.

ಇದರ ಜೊತೆಗೆ ಒಂದು ವಿಚಿತ್ರವೂ ಇತ್ತು. ಆರು ತಿಂಗಳಿಂದ ಪುನೀತ್ ಅವರ ಒಂದು ಹಾಡನ್ನೂ ಕೇಳದ, ಒಂದು ಚಿತ್ರವನ್ನೂ ನೋಡಲಾಗದ ಇವರು, ಕಂಠೀರವ ಕ್ರೀಡಾಂಗಣದ ಅಂತಿಮ ದರ್ಶನ ಮತ್ತು ಕಂಠೀರವ ಸ್ಟುಡಿಯೊದ ಅಂತ್ಯಕ್ರಿಯೆಯ ವಿಡಿಯೊಗಳನ್ನು ಮಾತ್ರ ಪ್ರತಿ ರಾತ್ರಿ ನೋಡುತ್ತಿದ್ದರು. ಬದುಕಿದ್ದ ಪುನೀತ್ ಅವರನ್ನು ದೂರವಿಟ್ಟು ತೀರಿಕೊಂಡ ಪುನೀತ್ ಅವರನ್ನಷ್ಟೇ ಹತ್ತಿರ ಇಟ್ಟುಕೊಂಡಿದ್ದರು. 2022ರ ಮಾರ್ಚ್ 17ರಂದು “ಜೇಮ್ಸ್” ಬಿಡುಗಡೆಯಾದಾಗ ಸಂಘದ ಮರ್ಯಾದೆಗಾಗಿ ಹಾರ ಹಾಕಿಸಿ ಒಳಗೆ ಕೂತರು. ಡಬ್ಬಿಂಗ್ ಮುಗಿಯುವ ಮೊದಲೇ ಪುನೀತ್ ತೀರಿಕೊಂಡದ್ದರಿಂದ ಆ ಚಿತ್ರಕ್ಕೆ ಅಣ್ಣ ಶಿವರಾಜಕುಮಾರ್ ಧ್ವನಿ ಕೊಟ್ಟಿದ್ದರು. ಆ ಮುಖದಿಂದ ಬೇರೆ ಧ್ವನಿ ಬಂದ ಕ್ಷಣ ಇವರಿಗೆ ಎದೆ ಹೊಡೆದುಕೊಂಡು, ಹೊರಗೆ ಬಂದು, ಆ ರಾತ್ರಿಯೇ ಆಸ್ಪತ್ರೆ ಸೇರಿದರು. ನನ್ನ ಬಳಿಗೆ ಕಳುಹಿಸಿದ ಚೀಟಿ ಬರೆದದ್ದು ಆ ಆಸ್ಪತ್ರೆಯಲ್ಲೇ.

ಆತ್ಮಹತ್ಯೆಯ ಯೋಚನೆ ಬಂದಿತ್ತೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಯೋಚನೆ ಹುಟ್ಟುತ್ತದೆಂಬುದು ಸುಳ್ಳು ಭಯ. ಮೊದಲ ರಾತ್ರಿ “ಇನ್ನೇಕೆ” ಎನ್ನಿಸಿತ್ತು, ಆಮೇಲೆ ಇಲ್ಲ ಎಂದರು. ಕೆಲವು ಅಭಿಮಾನಿಗಳು ಪ್ರಾಣ ಕಳೆದುಕೊಂಡ ಸುದ್ದಿ ಬಂದಾಗ, ಸಂಘದ ಒಬ್ಬ ಹುಡುಗನ ಜೊತೆ ಇವರೇ ಎರಡು ರಾತ್ರಿ ಕೂತಿದ್ದರು. ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ದೀರ್ಘಕಾಲದ ಶೋಕವನ್ನು ಒಂದು ಅಸ್ವಸ್ಥತೆಯೆಂದು ಪರಿಗಣಿಸಲು ಕನಿಷ್ಠ ಆರು ತಿಂಗಳು ಕಳೆದಿರಬೇಕು, ದಿನನಿತ್ಯದ ಬಾಳು ಗಣನೀಯವಾಗಿ ಕೆಟ್ಟಿರಬೇಕು. ಇವರು ಅಂಗಡಿ ತೆರೆಯುತ್ತಿದ್ದರು, ಮಗಳನ್ನು ಶಾಲೆಗೆ ಬಿಡುತ್ತಿದ್ದರು. ಆ ಹಣೆಪಟ್ಟಿ ಅಂಟಿಸುವ ಅಗತ್ಯ ಕಾಣಲಿಲ್ಲ. ಶೋಕವೂ ಕಾಯಿಲೆಯ ಭಯವೂ ಒಂದಕ್ಕೊಂದು ಹೆಣೆದುಕೊಂಡಿದ್ದವು, ಅಷ್ಟೆ.

ಮೊದಲು ಎದೆಯ ವಿಷಯ. ವೈದ್ಯರು ಒಬ್ಬರೇ ಇರಲಿ, ಮುಂದಿನ ತಪಾಸಣೆಯ ದಿನವನ್ನು ಅವರೇ ಗೊತ್ತುಮಾಡಲಿ, ನಡುವೆ ಹೊಸ ಆಸ್ಪತ್ರೆಗೆ ಹೋಗಬಾರದು ಎಂದು ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು. ನಾಡಿ ಹಿಡಿದು ನೋಡಿದಾಗ ಸಿಗುವ ನಿರಾಳ ಹತ್ತು ನಿಮಿಷದ್ದು. ಮತ್ತೆ ನೋಡಬೇಕೆಂಬ ತುಡಿತವನ್ನು ಅದು ಬಲಪಡಿಸುತ್ತದೆ. ಆದ್ದರಿಂದ ನೋಡಬೇಕೆನ್ನಿಸಿದಾಗ ಮೊದಲ ವಾರ ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಮುಂದೂಡಲು ಹೇಳಿದೆ. ವೈದ್ಯರ ಅನುಮತಿ ಪಡೆದು ನಡಿಗೆ, ನಂತರ ಮೆಟ್ಟಿಲು, ನಂತರ ಬಿಟ್ಟಿದ್ದ ಜಿಮ್. ವ್ಯಾಯಾಮದಲ್ಲಿ ಎದೆ ಬಡಿತ ಏರುವುದು ಹೃದಯ ತನ್ನ ಕೆಲಸ ಮಾಡುತ್ತಿರುವುದರ ಗುರುತು ಎಂಬುದನ್ನು ಮಾತಿನಿಂದಲ್ಲ, ಮೈಯಿಂದಲೇ ಮತ್ತೆ ಕಲಿಯಬೇಕಿತ್ತು. ಶ್ರಮಪಟ್ಟಾಗ ಬಂದು ಎಡಗೈಗೋ ದವಡೆಗೋ ಹರಡುವ ನೋವು, ಬೆವರು, ಉಸಿರುಕಟ್ಟು ಕಂಡರೆ ಈ ಒಪ್ಪಂದವನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬುದನ್ನೂ ಬರೆದುಕೊಟ್ಟೆ.

ಎರಡನೆಯದಾಗಿ ವಿಡಿಯೊಗಳು. ಅಂತ್ಯಕ್ರಿಯೆಯ ವಿಡಿಯೊಗಳನ್ನು ಅಳಿಸಬೇಕೆಂದು ಹೇಳಲಿಲ್ಲ, ರಾತ್ರಿ ನೋಡಬಾರದೆಂದೆ. ಅದರ ಬದಲು ವಾರಕ್ಕೊಮ್ಮೆ, ಹಗಲಿನಲ್ಲಿ, ಒಂದು ಹಾಡು. ಮೊದಲು ಮಾಸ್ಟರ್ ಲೋಹಿತ್ ಎಂಬ ಹೆಸರಿನ ಬಾಲನಟನ ಕಾಲದ್ದು, ಏಕೆಂದರೆ ಅದಕ್ಕೂ ಇವರ ನೆನಪುಗಳಿಗೂ ನಂಟು ಕಡಿಮೆ. ಆಮೇಲೆ 2002ಕ್ಕೆ ಬರಬೇಕು. ಆ ಹಾಡನ್ನು ನೋಡಿದ ದಿನ ಬಹಳ ಅತ್ತರು. ಎದೆನೋವು ಬರಲಿಲ್ಲ.

ಸಂಘದ ವಿಷಯದಲ್ಲಿ ನಾನು ಕೊಟ್ಟ ಸಲಹೆ ಊರಿನವರಿಗೆ ಹಿಡಿಸಲಿಲ್ಲ. ಪುನೀತ್ ಅವರ ನೇತ್ರದಾನದಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ರಾಜ್ಯದಲ್ಲೆಲ್ಲ ನೇತ್ರದಾನದ ನೋಂದಣಿ ಹೆಚ್ಚಿತು. ನಮ್ಮ ಸಲಹಾರ್ಥಿಯೂ ನೋಂದಣಿ, ರಕ್ತದಾನ, ಅನ್ನದಾನವೆಂದು ಒಂದರ ಮೇಲೊಂದು ಶಿಬಿರ ನಡೆಸುತ್ತ, ನಿದ್ದೆಗೆಟ್ಟು ಓಡಾಡುತ್ತಿದ್ದರು. ಜನ ಹೊಗಳುತ್ತಿದ್ದರು. ಆದರೆ ಶಿಬಿರ ಮುಗಿದ ರಾತ್ರಿಯೇ ಎದೆನೋವು ಬರುತ್ತಿತ್ತು. ಸೇವೆ ಒಳ್ಳೆಯದು, ಕೂತು ಯೋಚಿಸುವ ಬಿಡುವೇ ಇರಬಾರದೆಂದು ಮಾಡುವ ಸೇವೆ ಓಟವಾಗುತ್ತದೆ. ವರ್ಷಕ್ಕೆ ಎರಡೇ ಕಾರ್ಯಕ್ರಮ, ಮಾರ್ಚ್ 17 ಮತ್ತು ಅಕ್ಟೋಬರ್ 29, ಉಳಿದದ್ದನ್ನು ಬೇರೆಯವರಿಗೆ ಬಿಡಿ ಎಂದೆ. “ಸೇವೆ ಬೇಡವೆನ್ನುವ ಡಾಕ್ಟರಮ್ಮ ಯಾರು” ಎಂದು ಅಧ್ಯಕ್ಷರು ಫೋನಿನಲ್ಲಿ ಕೇಳಿದ್ದುಂಟು. ನಾನು ಡಾಕ್ಟರಲ್ಲವೆಂದು ಅವರಿಗೆ ತಿಳಿಸಿದೆ.

2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡಾಗ ನಿಮ್ಮ ತಂದೆ ಏನು ಮಾಡಿದರು ಎಂದು ಒಮ್ಮೆ ಕೇಳಿದ್ದೆ. ಬೆಂಗಳೂರಿನಲ್ಲಿ ಗಲಭೆಯಾಗಿ ಹಲವರು ಪ್ರಾಣ ಕಳೆದುಕೊಂಡ ದಿನಗಳವು. ತಂದೆ ಮನೆಯಿಂದ ಹೊರಗೆ ಹೋಗಲಿಲ್ಲವಂತೆ. ಅಣ್ಣಾವ್ರು ಮಾಲೆ ಹಾಕಿ ಶಬರಿಮಲೆಗೆ ಹೋಗುತ್ತಿದ್ದರಲ್ಲ ಎಂದು ಆ ವರ್ಷ ವ್ರತ ಹಿಡಿದು ಹೋಗಿ ಬಂದು, ಮಾಲೆ ತೆಗೆದು, ಮಾರನೆಯ ದಿನ ಗದ್ದೆಗೆ ಇಳಿದರಂತೆ. ಈ ಶೋಕಕ್ಕೆ ಒಂದು ಆರಂಭವೂ ಒಂದು ಮುಕ್ತಾಯವೂ ಇತ್ತು. ಪುನೀತ್ ಅವರ ಹನ್ನೊಂದನೆಯ ದಿನದ ಪುಣ್ಯತಿಥಿಯಂದು ಊಟ ಬಡಿಸುವುದರಲ್ಲೇ ಮುಳುಗಿದ್ದ ಮಗನಿಗೆ ಅಂಥದ್ದು ಸಿಕ್ಕಿರಲಿಲ್ಲ. ಬೆಂಗಳೂರಿನ ಸಮಾಧಿಗೆ ಗುಂಪು ಕಟ್ಟಿಕೊಳ್ಳದೆ, ಫೋನು ತೆಗೆಯದೆ, ಒಬ್ಬರೇ ಹೋಗಿ ಬನ್ನಿ ಎಂದು ಹೇಳಿದೆ. ಒಬ್ಬರೇ ಪ್ರಯಾಣ ಮಾಡುವುದು ಭಯಕ್ಕೂ ಮದ್ದಾಗಿತ್ತು. ಹೋಗಿ ಬಂದರು. ಅಲ್ಲಿ ಏನಾಯಿತೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪತ್ನಿಗೆ ಪ್ರತ್ಯೇಕವಾಗಿ ಹೇಳಿದ್ದು ಇಷ್ಟು: ಮಾವನವರ ಸಾವಿನೊಂದಿಗೆ ಹೋಲಿಸಬೇಡಿ, ಅಳು ಬಂದರೆ ತಡೆಯಬೇಡಿ, ಎದೆನೋವೆಂದಾಗ ಗಾಬರಿಯಿಂದ ಆಟೊ ಕರೆಯಬೇಡಿ, ಒಪ್ಪಂದದ ಹಾಳೆ ನೋಡಿ. ಆಕೆಯ ಪ್ರಶ್ನೆಯಲ್ಲಿ ಹೊಟ್ಟೆಕಿಚ್ಚಿಗಿಂತ ಒಂಟಿತನ ಹೆಚ್ಚಿತ್ತು. ಮದುವೆಯಾದಂದಿನಿಂದ ಹಬ್ಬದ ದಿನಗಳಲ್ಲೆಲ್ಲ ಗಂಡ ಸಂಘದಲ್ಲಿರುತ್ತಿದ್ದರು. ಈ ಮಾತು ಗಂಡನ ಎದುರು ಹೊರಬಂದದ್ದು ನಾಲ್ಕನೆಯ ಭೇಟಿಯಲ್ಲಿ. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ಇಂಥದೇ ಸ್ಥಿತಿಯಲ್ಲಿರುವವರು, ಬದುಕು ಬೇಡವೆನ್ನಿಸುವಷ್ಟು ಭಾರವಾದಾಗ, ಯಾರಾದರೂ ನಗುತ್ತಾರೆಂದು ಸಂಕೋಚಪಡದೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

2022ರ ನವೆಂಬರ್‌ನಲ್ಲಿ ದಂಪತಿ ಮತ್ತೆ ಬಂದರು. ಅಕ್ಟೋಬರ್ 28ರಂದು ಬಿಡುಗಡೆಯಾದ “ಗಂಧದ ಗುಡಿ”ಗೆ ಮಗಳನ್ನೂ ಕರೆದುಕೊಂಡು ಹೋಗಿದ್ದರು. ಅದರಲ್ಲಿ ಪುನೀತ್ ಪಾತ್ರವಾಗಿರದೆ ತಾವೇ ಆಗಿ, ತಮ್ಮದೇ ಧ್ವನಿಯಲ್ಲಿ ಕಾಡು ಸುತ್ತುತ್ತಾರೆ. ಕೊನೆಯವರೆಗೂ ಕೂತಿದ್ದರು. ನಾಡಿ ನೋಡುವ ಅಭ್ಯಾಸ ಪೂರ್ತಿ ಬಿಟ್ಟಿಲ್ಲ, ಕಡಿಮೆಯಾಗಿದೆ. ಡಿಸ್ಪ್ಲೇ ಬದಲಿಸಿದ ಮೇಲೆ ಬಟನ್ ತಾವೇ ಒತ್ತುತ್ತಾರೆ. ಈಗಿನ ಜಗಳ ವೃತ್ತದಲ್ಲಿ ಪ್ರತಿಮೆ ನಿಲ್ಲಿಸುವ ಬಗ್ಗೆ. ಸಂಘದ ಬಹುಪಾಲು ಜನಕ್ಕೆ ಪ್ರತಿಮೆ ಬೇಕು, ಕಾರ್ಯದರ್ಶಿಗೆ ಆ ಹಣದಲ್ಲಿ ಶಾಲೆಗೊಂದು ರಂಗಮಂಟಪ ಬೇಕು. ಈ ಜಗಳದಲ್ಲಿ ನಾನು ಪಕ್ಷ ವಹಿಸಲಿಲ್ಲ. ಯಾವುದೇ ಆಗಲಿ, ತಮ್ಮ ಪಾಲಿನ ದೇಣಿಗೆಯನ್ನು ಪತ್ನಿಗೆ ತಿಳಿಸಿಯೇ ಕೊಡಬೇಕು, ಸಂಘದ ಲೆಕ್ಕದ ಪುಸ್ತಕ ಅಂಗಡಿಯ ಗಲ್ಲಾದಲ್ಲಿ ಇರಬಾರದು ಎಂದಷ್ಟೇ ಹೇಳಿ ಕಳುಹಿಸಿದೆ.